ಶಿವಗಂಗೆಯಲ್ಲಿ ಮುಡಿಪಿದ ರಾಣಿ: ಶಾಂತಲೆಯ ಕಾದಂಬರಿಗಳು ಮತ್ತು ಓದುಗರ ತೀರ್ಪು

ಕನ್ನಡದ ಐತಿಹಾಸಿಕ ಕಾದಂಬರಿಗಳ ನಾಯಕಿಯರಲ್ಲಿ ಓದುಗರ ನಡುವೆ ಇಂದಿಗೂ ವಾದವನ್ನೆಬ್ಬಿಸುವ ಹೆಸರು ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಶಾಂತಲೆಯದು. ಆಕೆಯ ರೂಪ, ವಿದ್ಯೆ, ನೃತ್ಯಕೌಶಲ, ಜಿನಭಕ್ತಿ ಇವುಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ವಾದವಿರುವುದು ಆಕೆಯ ಸಾವಿನ ಬಗ್ಗೆ. ಕ್ರಿ.ಶ. ೧೧೩೧ರಲ್ಲಿ ಆಕೆ ಶಿವಗಂಗೆಯಲ್ಲಿ ತೀರಿಕೊಂಡಳೆಂಬುದು ಶಾಸನಸಿದ್ಧ. ಹೇಗೆ ತೀರಿಕೊಂಡಳು ಎಂಬಲ್ಲಿ ಶಾಸನ ಒಂದೇ ಒಂದು ಕ್ರಿಯಾಪದವನ್ನು ಬಳಸಿ ಸುಮ್ಮನಾಗುತ್ತದೆ. ಆ ಮೌನದೊಳಕ್ಕೆ ಕಾದಂಬರಿಕಾರರು ಪ್ರವೇಶಿಸಿದರು. ಅವರ ಹಿಂದೆಯೇ ಓದುಗರೂ ಪ್ರವೇಶಿಸಿದರು.

ಶಾಂತಲೆಯನ್ನು ಕನ್ನಡದ ಮನೆಮನೆಗೆ ತಲುಪಿಸಿದ ಮೊದಲ ಕೃತಿ ಕೆ.ವಿ. ಅಯ್ಯರ್ ಅವರ 'ಶಾಂತಲಾ'. ಬೆಂಗಳೂರಿನ ಹೆಸರಾಂತ ವ್ಯಾಯಾಮಶಿಕ್ಷಕರೂ ಕೈಲಾಸಂ ಅವರ ಆಪ್ತರೂ ಆಗಿದ್ದ ಅಯ್ಯರ್, ಪ್ರೇಮ, ಸ್ನೇಹ, ತ್ಯಾಗಗಳ ಮೇಲೆ ಈ ಕಥೆಯನ್ನು ನಿಲ್ಲಿಸಿದರು. ಶಾಂತಲೆ ಮತ್ತು ಲಕ್ಷ್ಮಿ ಇಲ್ಲಿ ಸವತಿಯರಾಗುವುದಕ್ಕೆ ಮೊದಲು ಗೆಳತಿಯರು. ಪಟ್ಟದ ಉತ್ತರಾಧಿಕಾರದ ಪ್ರಶ್ನೆ ಆ ಸ್ನೇಹದ ನಡುವೆ ಬಂದು ನಿಲ್ಲುತ್ತದೆ. ಕೊನೆಗೆ ರಾಣಿ ಶಿವಗಂಗೆಯ ಬೆಟ್ಟದಲ್ಲಿ ಪ್ರಾಣತ್ಯಾಗ ಮಾಡುತ್ತಾಳೆ. ಈ ಕೊನೆಯನ್ನು ಓದಿ ಕಣ್ಣೀರಿಡದವರು ನಮ್ಮ ತಾಯಂದಿರ ತಲೆಮಾರಿನಲ್ಲಿ ಕಡಿಮೆ.

ಎರಡನೆಯದು ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ'. ನಾಲ್ಕು ಸಂಪುಟಗಳ ಈ ಬೃಹತ್ ಕೃತಿಗೆ ೧೯೮೩ರಲ್ಲಿ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ದೊರೆಯಿತು. ಆ ಪ್ರಶಸ್ತಿಗೆ ಪಾತ್ರವಾದ ಮೊದಲ ಕೃತಿ ಇದು. ಇದನ್ನು ಕೇವಲ ಪ್ರೇಮಕಥೆ ಎನ್ನಲಾಗದು. ಚಾಲುಕ್ಯ ಚಕ್ರವರ್ತಿ ವಿಕ್ರಮಾದಿತ್ಯನ ರಾಣಿ ಚಂದಲದೇವಿ ಹೆಸರು ಮರೆಸಿಕೊಂಡು ಬಳಿಪುರದ ಹೆಗ್ಗಡೆ ಮಾರಸಿಂಗಯ್ಯನ ಮನೆಯಲ್ಲಿ ನೆಲೆಸುತ್ತಾಳೆ. ಧಾರಾನಗರದ ಗೂಢಚಾರ ಅವಳನ್ನು ಹುಡುಕಿಕೊಂಡು ಆ ಊರಿಗೇ ಬರುತ್ತಾನೆ. ದಂಡನಾಯಕ ಮರಿಯಾನೆಯ ಹೆಂಡತಿ ಚಾಮವ್ವೆ ತನ್ನ ಹೆಣ್ಣುಮಕ್ಕಳನ್ನು ಅರಮನೆಗೆ ಸೇರಿಸಲು ನಾನಾ ತಂತ್ರ ಹೂಡುತ್ತಾಳೆ. ಯಾರು ಯಾರೆಂದು ತಿಳಿಯದ ಕುತೂಹಲ, ಹಿಂದೆ ನಡೆಯುವ ಒಳಸಂಚು, ಅದರ ನಡುವೆ ಬೆಳೆಯುವ ಬಿಟ್ಟಿದೇವ ಮತ್ತು ಶಾಂತಲೆಯರ ಒಲವು ಇವೆಲ್ಲ ಓದುಗನನ್ನು ಸಾವಿರಾರು ಪುಟಗಳವರೆಗೆ ಎಳೆದುಕೊಂಡು ಹೋಗುತ್ತವೆ. ಆದರೂ ಇದರ ಅಸ್ಥಿಪಂಜರ ಶಾಸನಗಳದು. ಮರಿಯಾನೆಯ ಮೂವರು ಹೆಣ್ಣುಮಕ್ಕಳನ್ನು ಬಲ್ಲಾಳನು ೧೧೦೩ರಲ್ಲಿ ಒಂದೇ ಹಸೆಯ ಮೇಲೆ ವರಿಸಿದನೆಂಬುದು ಶಾಸನೋಕ್ತವೇ. ಕಾದಂಬರಿಯಲ್ಲಿ ಶಾಂತಲೆಯ ಗುರುವಾಗಿ ಬರುವ ಬೋಕಿಮಯ್ಯನ ಹೆಸರು ಕೂಡ ಕಲ್ಪನೆಯಲ್ಲ. ಆಕೆಯ ಸಾವನ್ನು ದಾಖಲಿಸಿದ ಶ್ರವಣಬೆಳಗೊಳದ ಶಾಸನದ ಲೇಖಕನ ಹೆಸರು ಅದು.

ಪರ್ಕಳ, ಹಿರಿಯಡ್ಕ, ಕಾರ್ಕಳ, ಮೂಡುಬಿದಿರೆಗಳ ಓದುಗರೊಡನೆಯೂ ತರಗತಿಯ ವಿದ್ಯಾರ್ಥಿಗಳೊಡನೆಯೂ ಈ ಎರಡು ಕೃತಿಗಳ ಬಗ್ಗೆ ಅನೇಕ ವರ್ಷಗಳಿಂದ ಮಾತನಾಡುತ್ತ ಬಂದಿದ್ದೇನೆ. ಕೇಳಿದ ಅಭಿಪ್ರಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯವರು ಅಯ್ಯರ್ ಅವರ ಅಭಿಮಾನಿಗಳು. ಇವರಿಗೆ ಶಾಂತಲೆಯೆಂದರೆ ತ್ಯಾಗ. ಶಿವಗಂಗೆಗೆ ಪ್ರವಾಸ ಹೋಗಿ, ಗಂಗಾಧರೇಶ್ವರನ ದರ್ಶನ ಮಾಡಿ, ಸುಮಾರು ೪,೫೦೦ ಅಡಿ ಎತ್ತರದ ಬೆಟ್ಟವನ್ನೇರಿ, 'ಶಾಂತಲಾ ಡ್ರಾಪ್' ಎಂದು ಈಗ ಎಲ್ಲರೂ ಕರೆಯುವ ಕಡಿದಾದ ಅಂಚಿನಲ್ಲಿ ನಿಂತು ಬಂದವರು ಇವರು. ಅಲ್ಲಿ ನಿಂತಾಗ ಆದ ನಡುಕವೇ ಇವರಿಗೆ ಸಾಕ್ಷ್ಯ. "ಕಥೆ ಸುಳ್ಳಾಗಿದ್ದರೆ ಬಂಡೆಗೆ ಆ ಹೆಸರೇಕೆ ಬಂತು?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದುಂಟು. ಬಂಡೆಗೆ ಹೆಸರು ಕಥೆಯಿಂದಲೂ ಬರಬಹುದೆಂಬುದು ಉತ್ತರ. ಬೇಲೂರಿನ ದರ್ಪಣಸುಂದರಿಯನ್ನು ತೋರಿಸಿ ಇವಳೇ ಶಾಂತಲೆ ಎಂದು ಹೇಳುವ ರೂಢಿಯೂ ಹೀಗೆಯೇ ಬೆಳೆದದ್ದು.

ಎರಡನೆಯವರು ನಾಗರಾಜರಾವ್ ಅವರ ಪಕ್ಷದವರು. ಇವರಿಗೆ ಶಾಂತಲೆ ಅಳುವ ನಾಯಕಿಯಲ್ಲ. ಆಲೋಚಿಸಿ ನಡೆಯುವ ರಾಜ್ಞಿ. ಶಾಸನಗಳು ಆಕೆಯನ್ನು ವಿವೇಕದಲ್ಲಿ ಬೃಹಸ್ಪತಿಗೆ ಹೋಲಿಸುತ್ತವೆ. ಅಂಥವಳು ಸವತಿಯ ಸಂಕಟಕ್ಕೆ ಬಂಡೆಯಿಂದ ಧುಮುಕುವಳೆ ಎಂದು ಇವರು ಕೇಳುತ್ತಾರೆ. ಆದರೆ ಈ ಪಕ್ಷದಲ್ಲಿಯೂ ಒಂದು ಗೊಣಗಾಟವಿದೆ. ನಾಲ್ಕು ಸಂಪುಟಗಳ ದೈರ್ಘ್ಯ ಹೆಚ್ಚಾಯಿತು, ಗುಣವತಿಯಾದ ನಾಯಕಿ ಎಲ್ಲಿಯೂ ತಪ್ಪುವುದಿಲ್ಲವಾದ್ದರಿಂದ ಆಕೆಗಿಂತ ಸಂಚು ಹೂಡುವ ಚಾಮವ್ವೆಯೇ ಹೆಚ್ಚು ಜೀವಂತವಾಗಿ ಕಾಣುತ್ತಾಳೆ ಎಂಬುದು ಅದು. ಈ ಮಾತಿನಲ್ಲಿ ಸತ್ಯಾಂಶವಿದೆಯೆಂದೇ ನನ್ನ ಭಾವನೆ.

ಮೂರನೆಯವರು ನಮ್ಮ ಸಮಾಜದ ಶ್ರಾವಕ ಶ್ರಾವಿಕೆಯರು. ಇವರು ಕಾದಂಬರಿಗಳನ್ನು ಓದಿ ಒಂದು ಬಗೆಯ ಅಸಮಾಧಾನದಿಂದ ಮುಚ್ಚಿಡುತ್ತಾರೆ. ಇವರ ಪ್ರಕಾರ ಶಾಂತಲೆ ಸಲ್ಲೇಖನವ್ರತದಿಂದ ದೇಹವಿಟ್ಟಳು. ಅದನ್ನು ತಿಳಿಯದವರು ಆತ್ಮಹತ್ಯೆಯಾಗಿ ತಿರುಚಿದರು. ಈ ಅಭಿಪ್ರಾಯವನ್ನು ಹೇಳುವಾಗ ಅವರ ದನಿಯಲ್ಲಿ ಸಾಹಿತ್ಯವಿಮರ್ಶೆಗಿಂತ ಹೆಚ್ಚಿನದೊಂದು ಇರುತ್ತದೆ. ಅದಕ್ಕೆ ಕಾರಣವಿದೆ. ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿ ತೀರ್ಪಿತ್ತಿತು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ನಡುವಿನ ಮೂರು ವಾರಗಳಲ್ಲಿ, ತಮ್ಮ ಮನೆಯ ಹಿರಿಯರ ಸಮಾಧಿಮರಣವನ್ನು ಪುಣ್ಯಸ್ಮರಣೆಯಾಗಿ ಕಾಪಾಡಿಕೊಂಡು ಬಂದವರಿಗೆ ಆ ಸ್ಮರಣೆಯೇ ಅಪರಾಧದ ದಾಖಲೆಯಾದಂತೆ ಅನ್ನಿಸಿತ್ತು. ಆದ್ದರಿಂದ ಶಾಂತಲೆ ಹೇಗೆ ಸತ್ತಳೆಂಬುದು ಒಂದು ಕಾದಂಬರಿಯ ಕೊನೆಯ ಅಧ್ಯಾಯದ ಪ್ರಶ್ನೆ ಮಾತ್ರವಾಗಿ ಉಳಿದಿಲ್ಲ.

ಹಾಗಾದರೆ ಶಾಸನ ಹೇಳುವುದೇನು? ಲೂಯಿಸ್ ರೈಸ್ ೧೮೮೯ರಲ್ಲಿ ಪ್ರಕಟಿಸಿದ, ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದ ಶ್ರವಣಬೆಳಗೊಳದ ಶಾಸನಸಂಪುಟದಲ್ಲಿ ಇದರ ಪಾಠವಿದೆ. ಶಕವರ್ಷ ೧೦೫೩, ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಸೋಮವಾರ: ಈ ದಿನ ಶಾಂತಲದೇವಿ ಶಿವಗಂಗೆಯ ತೀರ್ಥದಲ್ಲಿ ಮುಡಿಪಿ ಸ್ವರ್ಗಸ್ಥಳಾದಳು. ಇಷ್ಟೇ. ಬೆಟ್ಟದ ಅಂಚಿನ ಮಾತಿಲ್ಲ, ರೋಗದ ಮಾತಿಲ್ಲ, ಸವತಿಯ ಮಾತಿಲ್ಲ, ಸನ್ಯಸನದ ಮಾತೂ ಇಲ್ಲ.

ಎಲ್ಲವೂ ನಿಂತಿರುವುದು 'ಮುಡಿಪು' ಎಂಬ ಶಬ್ದದ ಮೇಲೆ. ನಮ್ಮ ಕರಾವಳಿಯ ಓದುಗನಿಗೆ ಈ ಶಬ್ದ ಕೇಳಿದೊಡನೆ ನೆನಪಾಗುವುದು ತಿರುಪತಿಯ ಮುಡಿಪು. ಹರಕೆಯ ಹಣವನ್ನು ಕಟ್ಟಿ ದೇವರ ಮುಂದಿಟ್ಟು ಯಾತ್ರೆಯ ದಿನ ಒಪ್ಪಿಸುವ ಗಂಟು. 'ಬಾಳನ್ನು ಮುಡಿಪಾಗಿಟ್ಟರು' ಎಂದು ನಾವು ಭಾಷಣಗಳಲ್ಲಿ ಹೇಳುವುದೂ ಈ ಅರ್ಥದಲ್ಲಿಯೇ. ಹೀಗೆ ಹೊಸಗನ್ನಡದ ಕಿವಿಯಿಂದ ಕೇಳಿದರೆ, ಶಾಂತಲೆ ತನ್ನನ್ನು ತಾನೇ ಯಾವುದಕ್ಕೋ ಅರ್ಪಿಸಿಕೊಂಡಳು, ಅಂದರೆ ಬಲಿಯಾದಳು ಎಂಬ ಧ್ವನಿ ತಾನಾಗಿ ಹುಟ್ಟುತ್ತದೆ. ತ್ಯಾಗದ ಕಥೆ ಕನ್ನಡಿಗರಿಗೆ ಇಷ್ಟು ಸಹಜವೆನಿಸಿದ್ದರಲ್ಲಿ ಈ ಧ್ವನಿಯ ಪಾಲೂ ಇದ್ದೀತು.

ಆದರೆ ಹಳಗನ್ನಡದಲ್ಲಿ 'ಮುಡಿಪು' ಎಂಬ ಕ್ರಿಯೆಗೆ ಮುಗಿಸು, ಕೊನೆಗಾಣಿಸು, ದೇಹವಿಡು ಎಂಬ ಅರ್ಥ. ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದಿಂದಲೇ ಈ ಶಬ್ದ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ನೋಂಪಿಯನ್ನು ನೋಂತು, ಆರಾಧನೆಯನ್ನು ಸಾಧಿಸಿ, ಇಂಥ ಮುನಿಗಳು ಮುಡಿಪಿದರು ಎಂಬುದು ಅಲ್ಲಿನ ನಿಷಿಧಿ ಶಾಸನಗಳ ಸ್ಥಿರವಾದ ನುಡಿಗಟ್ಟು. ಅಂದರೆ ಶ್ರವಣಬೆಳಗೊಳದ ಲೇಖಕನೊಬ್ಬನು ಈ ಶಬ್ದವನ್ನು ಬರೆದಾಗ ಅವನ ಹಿಂದೆ ಐನೂರು ವರ್ಷಗಳ ಸಮಾಧಿಮರಣದ ಭಾಷೆ ನಿಂತಿತ್ತು. ಬಂಡೆಯಿಂದ ಧುಮುಕಿದವರಿಗೆ ಬಳಸುವ ಶಬ್ದ ಇದಲ್ಲ. ಇಷ್ಟರ ಮಟ್ಟಿಗೆ ನಮ್ಮ ಶ್ರಾವಕರ ಅಭಿಪ್ರಾಯಕ್ಕೆ ಬಲವಿದೆ.

ಆದರೂ ಇಲ್ಲಿ ಒಂದು ಹೆಜ್ಜೆ ತಡೆದು ನಿಲ್ಲಬೇಕು. ನಿಷಿಧಿ ಶಾಸನಗಳಲ್ಲಿ ಈ ಕ್ರಿಯಾಪದ ಸಾಮಾನ್ಯವಾಗಿ ವ್ರತದ ಹೆಸರಿನೊಡನೆಯೇ ಬರುತ್ತದೆ. ಶಾಂತಲೆಯ ವಿಷಯದಲ್ಲಿ ವ್ರತದ ಹೆಸರಿಲ್ಲ. ಆಕೆಯ ಕಾಲದ ಇತರ ಶ್ರಾವಿಕೆಯರ ಶಾಸನಗಳನ್ನು ಹೋಲಿಸಿ ನೋಡಬಹುದು. ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮೀಮತಿ ಇವರಿಬ್ಬರೂ ೧೧೨೦ರ ಆಸುಪಾಸಿನ ವರ್ಷಗಳಲ್ಲಿ ಸಲ್ಲೇಖನದಿಂದ ದೇಹವಿಟ್ಟರು. ಅವರ ಸ್ಮಾರಕಶಾಸನಗಳು ಅದನ್ನು ಬಾಯ್ತುಂಬ ಹೇಳುತ್ತವೆ. ಪಟ್ಟಮಹಾದೇವಿಯೇ ಅಂಥ ಮರಣವನ್ನು ಪಡೆದಿದ್ದರೆ ಅದನ್ನು ಹೇಳದೆ ಬಿಡಲು ಕಾರಣವೇನು? ಜೊತೆಗೆ, ಬೆಳಗೊಳದಲ್ಲಿ ತಾನೇ ಬಸದಿ ಕಟ್ಟಿಸಿದ ರಾಣಿ, ಪ್ರಭಾಚಂದ್ರ ಸಿದ್ಧಾಂತದೇವರಂಥ ಗುರುಗಳ ಶಿಷ್ಯೆ, ಅಂತ್ಯವ್ರತಕ್ಕಾಗಿ ಶೈವತೀರ್ಥವಾದ ಶಿವಗಂಗೆಯನ್ನು ಆರಿಸಿದಳೆ? ಆಕೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು ಎಂಬುದನ್ನು ನೆನೆದರೆ ಮಗಳು ಶಿವಗಂಗೆಗೆ ಹೋದದ್ದು ಆಶ್ಚರ್ಯವಲ್ಲ. ಅಲ್ಲಿಯೇ ವ್ರತ ಕೈಗೊಂಡಳೆಂಬುದು ಮಾತ್ರ ಸುಲಭವಾಗಿ ಒಪ್ಪುವಂಥದಲ್ಲ. ಯಾತ್ರೆಯಲ್ಲಿದ್ದಾಗ ಬಂದೆರಗಿದ ಕಾಯಿಲೆಯೂ ಆಗಿರಬಹುದು. ಪ್ರೇಮಕಥೆಯ ಓದುಗನಿಗೂ ಧರ್ಮಾಭಿಮಾನಿ ಓದುಗನಿಗೂ ಬೇಡವಾದ, ಆದರೆ ಮನುಷ್ಯರಿಗೆ ಹೆಚ್ಚಾಗಿ ಒದಗುವ ಸಾವು ಅದು.

ಸವತಿಯ ಪ್ರಶ್ನೆಯನ್ನೂ ಇಲ್ಲಿಯೇ ನೋಡಬಹುದು. ಶಾಂತಲೆ ೧೧೨೩ರಲ್ಲಿ ಚಂದ್ರಗಿರಿಯಲ್ಲಿ ಕಟ್ಟಿಸಿದ ಶಾಂತಿನಾಥ ಬಸದಿಗೆ 'ಸವತಿಗಂಧವಾರಣ' ಎಂದು ಹೆಸರು. ಸವತಿಯರೆಂಬ ಆನೆಗಳಿಗೆ ಮದದಾನೆಯಾದವಳು ಎಂದು ಅದರರ್ಥ. ಅದು ಆಕೆಯದೇ ಬಿರುದು. ಇದೊಂದೇ ಶಬ್ದವನ್ನು ಹಿಡಿದು ಅಂತಃಪುರದ ಕಲಹವನ್ನೆಲ್ಲ ಊಹಿಸುವ ಓದುಗರಿದ್ದಾರೆ. ಎದುರಾಳಿಗಳಿಗೆ ಗಂಧವಾರಣ ಎನ್ನುವುದು ಆ ಕಾಲದ ವೀರಬಿರುದುಗಳ ಸಿದ್ಧ ಭಾಷೆ. ರಾಣಿಗೆ ಅದನ್ನು ಹೊಂದಿಸುವಾಗ ಸವತಿಯರು ಬಂದರು. ಅಷ್ಟಾದರೂ ಈ ಬಿರುದಿನ ರಾಣಿ ಸವತಿಗಾಗಿ ಪ್ರಾಣಬಿಟ್ಟಳೆಂಬ ಕಥೆಯೊಡನೆ ಇದು ಹೊಂದುವುದಿಲ್ಲವೆಂಬುದು ಸ್ಪಷ್ಟ. ಇನ್ನೊಂದು ಕಡೆ, ಹಳೇಬೀಡಿನ ಬಸ್ತಿಹಳ್ಳಿಯ ಶಾಸನವೊಂದಿದೆ. ಗಂಗರಾಜನ ಮಗ ಬೊಪ್ಪ ೧೧೩೩ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಪ್ರಸಾದ ಅರಸನ ಕೈಸೇರಿದ ಹೊತ್ತಿಗೆ ಅವನಿಗೆ ಯುದ್ಧದಲ್ಲಿ ಜಯವೂ ಲಕ್ಷ್ಮೀದೇವಿಯಲ್ಲಿ ಪುತ್ರನೂ ದೊರೆತಿದ್ದರು. ಆ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಶಾಂತಲೆಯ ಮರಣ ೧೧೩೧, ರಾಜಕುಮಾರನ ಜನನದ ವಾರ್ತೆ ೧೧೩೩. ಈ ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಯಾವ ಕಥೆಗಾರನ ಕಲ್ಪನೆಯೂ ಚಲಿಸದೆ ಇರದು. ಆದರೆ ಒಂದರ ನಂತರ ಒಂದು ನಡೆದದ್ದು, ಒಂದರಿಂದ ಒಂದು ನಡೆದದ್ದಾಗುವುದಿಲ್ಲ. ಕಾದಂಬರಿಗೆ ಅದು ಸಾಕು, ಚರಿತ್ರೆಗೆ ಸಾಲದು.

ಈ ಎಲ್ಲ ವಾದಗಳಲ್ಲಿ ಓದುಗರು ಮರೆತುಬಿಟ್ಟ ಒಬ್ಬಳಿದ್ದಾಳೆ. ನಾವು ಶಾಂತಲೆಯ ಮರಣಶಾಸನವೆಂದು ಕರೆಯುವ ಈ ಶಾಸನ ವಾಸ್ತವವಾಗಿ ಆಕೆಯ ತಾಯಿ ಮಾಚಿಕಬ್ಬೆಯ ಸ್ಮಾರಕ. ರಾಣಿ ಸದ್ಗತಿಗೆ ಸಂದಳು, ಇನ್ನು ನಾನು ಹಿಂದುಳಿಯಲಾರೆ ಎಂದು ಆ ತಾಯಿ ಬೆಳಗೊಳಕ್ಕೆ ಬರುತ್ತಾಳೆ. ಬಂಧುಗಳ ಅನುಮತಿ ಪಡೆದು, ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ಎಂಬ ಗುರುಗಳ ಸನ್ನಿಧಿಯಲ್ಲಿ ಸನ್ಯಸನವನ್ನು ಸ್ವೀಕರಿಸಿ, ಪಂಚನಮಸ್ಕಾರವನ್ನು ಜಪಿಸುತ್ತ, ಒಂದು ತಿಂಗಳ ಉಪವಾಸದಿಂದ ಸಮಾಧಿಯನ್ನು ಸಾಧಿಸುತ್ತಾಳೆ. ಮಗಳ ಸಾವು ಇಲ್ಲಿ ಕಾರಣವಾಗಿ ಒಂದು ಮಾತಿನಲ್ಲಿ ಬಂದು ಹೋಗುತ್ತದೆ, ವಿವರವೆಲ್ಲ ತಾಯಿಯದು. ಮಗಳ ವಿಷಯದಲ್ಲಿ ಶಾಸನ ಮೌನವಾಗಿರುವುದಕ್ಕೆ ಇದು ಸರಳ ವಿವರಣೆ. ಅದು ಬಚ್ಚಿಟ್ಟ ರಹಸ್ಯವಲ್ಲ; ಬೇರೊಬ್ಬಳ ಕಥೆಯನ್ನು ಹೇಳುತ್ತಿರುವ ಶಾಸನದ ಸಹಜವಾದ ಸಂಕ್ಷೇಪ.

ನಮ್ಮ ಶ್ರಾವಕ ಓದುಗರಿಗೆ ನಿಜವಾದ ಸವಾಲಿರುವುದು ಮಾಚಿಕಬ್ಬೆಯಲ್ಲಿ. ಸಲ್ಲೇಖನ ಯಾವಾಗ ಧರ್ಮ? ಉಪಸರ್ಗ, ದುರ್ಭಿಕ್ಷ, ಮುಪ್ಪು, ಪ್ರತೀಕಾರವಿಲ್ಲದ ರೋಗ ಇವು ಒದಗಿದಾಗ ಧರ್ಮಕ್ಕಾಗಿ ಶರೀರವನ್ನು ಬಿಡುವುದೆಂದು ಸಮಂತಭದ್ರಾಚಾರ್ಯರು ಹೇಳಿದರು. ಪೂಜ್ಯಪಾದರ ದೃಷ್ಟಾಂತ ಪ್ರಸಿದ್ಧವಾದದ್ದು: ಸರಕು ತುಂಬಿದ ಮನೆಗೆ ಬೆಂಕಿ ಬಿದ್ದರೆ ವರ್ತಕನು ಮೊದಲು ಮನೆಯನ್ನು ಉಳಿಸಲೆತ್ನಿಸುತ್ತಾನೆ, ಅದು ಅಸಾಧ್ಯವಾದರೆ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ಶರೀರ ಮನೆ, ವ್ರತಶೀಲಗಳು ಸರಕು. ರಾಗದ್ವೇಷಗಳ ವಶನಾಗಿ ವಿಷ ಶಸ್ತ್ರಾದಿಗಳಿಂದ ತನ್ನನ್ನು ಕೊಂದುಕೊಳ್ಳುವವನು ಆತ್ಮಘಾತಿ. ಸಲ್ಲೇಖನದಲ್ಲಿ ಆ ರಾಗವಿಲ್ಲವಾದ್ದರಿಂದ ಆ ದೋಷವಿಲ್ಲ. ತತ್ತ್ವಾರ್ಥಸೂತ್ರವಂತೂ ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬದುಕಬೇಕೆಂಬ ಆಸೆ, ಸಾಯಬೇಕೆಂಬ ಆಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಬೇಗ ಸಾಯಬೇಕೆಂಬ ಬಯಕೆಯೂ ಇಲ್ಲಿ ದೋಷ. ಪ್ರಿಯಜನರ ಮೇಲಣ ಅನುರಾಗವೂ ದೋಷ.

ಈ ಅಳತೆಗೋಲನ್ನು ಹಿಡಿದರೆ ಗೆಳತಿಗಾಗಿ, ಪತಿಗಾಗಿ ಬೆಟ್ಟದಿಂದ ಧುಮುಕುವ ಶಾಂತಲೆ ಎರಡು ದೋಷಗಳಿಗೂ ಗುರಿಯಾಗುತ್ತಾಳೆ. ಆದ್ದರಿಂದಲೇ ಆ ಕಥೆ ನಮ್ಮವರಿಗೆ ನೋವುಂಟುಮಾಡುತ್ತದೆ. ಆದರೆ ಅದೇ ಅಳತೆಗೋಲನ್ನು ಮಾಚಿಕಬ್ಬೆಗೂ ಹಿಡಿಯಬೇಕಲ್ಲವೆ? ಮಗಳು ಹೋದಳು, ನಾನಿರಲಾರೆ ಎಂಬ ಮಾತಿನಲ್ಲಿ ಅನುರಾಗವಿಲ್ಲವೆ? ಸಾಯುವ ಬಯಕೆಯಿಲ್ಲವೆ? ಶಾಸನ ಈ ಮಾತನ್ನು ಮರೆಮಾಡಬಹುದಿತ್ತು. ಮುಪ್ಪು ಬಂದಿತು, ವೈರಾಗ್ಯ ಹುಟ್ಟಿತು ಎಂದಷ್ಟೇ ಬರೆದು ಮುಂದೆ ಹೋಗಬಹುದಿತ್ತು. ಬೋಕಿಮಯ್ಯ ಹಾಗೆ ಮಾಡಲಿಲ್ಲ. ತಾಯಿಯ ಸಂಕಟವನ್ನು ಹೇಳಿ, ಅದರ ಬಳಿಕ ಗುರುಸನ್ನಿಧಿ, ಬಂಧುಜನರ ಒಪ್ಪಿಗೆ, ಜಪ, ಒಂದು ತಿಂಗಳ ಅವಧಿ ಇವನ್ನೆಲ್ಲ ಕ್ರಮವಾಗಿ ದಾಖಲಿಸಿದನು.

ನನಗೆ ಅನ್ನಿಸುವಂತೆ ಆತ್ಮಹತ್ಯೆಗೂ ಸಲ್ಲೇಖನಕ್ಕೂ ಇರುವ ಅಂತರವನ್ನು ಯಾವ ನ್ಯಾಯಾಲಯದ ವಾದಕ್ಕಿಂತ ಸ್ಪಷ್ಟವಾಗಿ ಈ ಶಾಸನ ತೋರಿಸುತ್ತದೆ. ವ್ರತಕ್ಕೆ ಬರುವವರು ಶೋಕವಿಲ್ಲದವರಾಗಿಯೇ ಬರುತ್ತಾರೆಂದು ಅದು ಹೇಳುವುದಿಲ್ಲ. ಶೋಕದೊಡನೆ ಬಂದವಳಿಗೆ ವ್ರತ ಒಂದು ತಿಂಗಳ ಕಾಲಾವಕಾಶ ಕೊಡುತ್ತದೆ. ಧುಮುಕುವವನಿಗೆ ಹಿಂದಿರುಗುವ ದಾರಿಯಿಲ್ಲ, ಜೊತೆಯಲ್ಲಿ ಯಾರೂ ಇಲ್ಲ, ಅದು ಒಂದು ಗಳಿಗೆಯ ನಿರ್ಧಾರ. ಇಲ್ಲಿ ಮೂವತ್ತು ದಿನಗಳ ಪ್ರತಿ ಬೆಳಗ್ಗೆಯೂ ಗುರುಗಳು ಎದುರಿಗಿದ್ದಾರೆ, ಬಂಧುಗಳು ಸುತ್ತಲಿದ್ದಾರೆ, ಮನಸ್ಸು ತನ್ನನ್ನು ತಾನು ನೋಡಿಕೊಳ್ಳುತ್ತದೆ. ಅನುರಾಗದಿಂದ ಆರಂಭವಾದದ್ದು ಆ ಅವಧಿಯಲ್ಲಿ ಕರಗಿತೆಂಬುದು ಶಾಸನದ ಸಾಕ್ಷ್ಯ. ಅದು ನಿಜವಾಗಿಯೂ ಕರಗಿತೆ ಎಂದು ಇಂದಿನ ಓದುಗ ಕೇಳಬಹುದು. ಕೇಳುವ ಹಕ್ಕು ಅವನಿಗಿದೆ. ಹಾಗೆ ಕೇಳಿದವನನ್ನು ಧರ್ಮನಿಂದಕನೆಂದು ಕರೆಯುವುದು ಸರಿಯಲ್ಲ. ಮಾನಸಿಕ ದುಃಖದಲ್ಲಿರುವ ಮುದುಕಿಯೊಬ್ಬಳು ಉಪವಾಸಕ್ಕೆ ಕುಳಿತರೆ ಮನೆಯವರು ಮಾಡಬೇಕಾದದ್ದೇನೆಂಬ ಪ್ರಶ್ನೆ ಇಂದಿನ ಯಾವ ಜೈನ ಮನೆಯಲ್ಲಿಯೂ ಏಳಬಹುದಾದದ್ದು. ಅಂಥ ಸಂದರ್ಭದಲ್ಲಿ ಗುರುಗಳ ಪರೀಕ್ಷೆಯೂ ವೈದ್ಯರ ಮಾತೂ ಎರಡೂ ಬೇಕು. ಶಾಸ್ತ್ರವು ಅತಿಚಾರಗಳನ್ನು ಪಟ್ಟಿ ಮಾಡಿದ್ದೇ ಇಂಥ ಪರೀಕ್ಷೆಗಾಗಿ.

ಈಗ ಕಾದಂಬರಿಗಳ ಕಡೆಗೆ ಮರಳೋಣ. ಅಯ್ಯರ್ ಅವರು ಚರಿತ್ರೆಯನ್ನು ಕೆಡಿಸಿದರೆಂದು ದೂರುವವರೊಡನೆ ನಾನಿಲ್ಲ. ಸುಮಾರು ಒಂಬೈನೂರು ವರ್ಷಗಳ ಹಿಂದಿನ ರಾಣಿಯೊಬ್ಬಳ ಹೆಸರು ಇಂದು ಕನ್ನಡಿಗರ ನಾಲಗೆಯ ಮೇಲಿರುವುದರಲ್ಲಿ ಶಾಸನಸಂಪುಟಗಳಿಗಿಂತ ಆ ಕಾದಂಬರಿಯ ಪಾತ್ರ ದೊಡ್ಡದು. ಕಾದಂಬರಿಕಾರನು ಮೌನವನ್ನು ತುಂಬಬೇಕು. ಅದು ಅವನ ಕಸುಬು. ಅವನು ತುಂಬಿದ್ದನ್ನು ಶಾಸನವೇ ಹೇಳಿತೆಂದು ನಂಬುವುದು ಓದುಗನ ಅಜಾಗರೂಕತೆ. ನಾಗರಾಜರಾವ್ ಅವರು ಮೌನವನ್ನು ಕಡಿಮೆ ತುಂಬಿ ಶಾಸನಗಳನ್ನು ಹೆಚ್ಚು ನೆಚ್ಚಿದರು. ಅದರ ಲಾಭವೂ ಭಾರವೂ ಅವರ ಕೃತಿಯಲ್ಲಿವೆ. ಆದರೆ ಇಬ್ಬರ ಓದುಗರೂ ಶಾಂತಲೆಯ ಕೊನೆಯ ಬಗ್ಗೆ ತೀರ್ಪು ಕೊಡುವ ಆತುರದಲ್ಲಿ, ತೀರ್ಪು ಕೊಡಲು ಬೇಕಾದಷ್ಟು ಆಧಾರವಿರುವ ಇನ್ನೊಂದು ಸಾವನ್ನು ನೋಡದೆ ಹೋದರು.

ಮಾಚಿಕಬ್ಬೆಯ ಮೇಲೆ ಯಾರಾದರೂ ಕಾದಂಬರಿ ಬರೆಯಲಿ ಎಂದು ನನ್ನ ಆಸೆ. ಶೈವ ಗಂಡನೊಡನೆ ಬಾಳಿದ ಜೈನ ಹೆಣ್ಣು, ಮಗಳನ್ನು ಅರಮನೆಗೆ ಕೊಟ್ಟ ತಾಯಿ, ಅಳಿಯನ ಒಲವು ವಿಷ್ಣುವಿನತ್ತ ಹರಿದದ್ದನ್ನು ನೋಡಿದ ಅತ್ತೆ, ೧೧೧೭ರಲ್ಲಿ ಬೇಲೂರಿನಲ್ಲಿ ಮಗಳೂ ಒಂದು ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದ್ದನ್ನೂ ಮುಂದೆ ಬೆಳಗೊಳದಲ್ಲಿ ಶಾಂತಿನಾಥನಿಗೆ ಬಸದಿಯೆತ್ತಿದ್ದನ್ನೂ ಕಂಡವಳು. ಆ ಕಥೆಗೆ ಗೂಢಚಾರರೂ ಸಂಚುಗಳೂ ಬೇಕಾಗಲಾರವು. ಶಿವಗಂಗೆಯಿಂದ ಸುದ್ದಿ ಬಂದ ದಿನದಿಂದ ಬೆಳಗೊಳದ ಕೊನೆಯ ದಿನದವರೆಗಿನ ಕಾಲವೇ ಸಾಕು.

ಅದುವರೆಗೆ, ಈ ಕಾದಂಬರಿಗಳನ್ನು ಓದಿದವರು ಶ್ರವಣಬೆಳಗೊಳಕ್ಕೆ ಹೋದಾಗ ವಿಂಧ್ಯಗಿರಿಯ ಬಾಹುಬಲಿಯ ದರ್ಶನ ಮುಗಿಸಿ ಎದುರಿನ ಚಂದ್ರಗಿರಿಯನ್ನೂ ಏರಲಿ. ಅಲ್ಲಿ ಸವತಿಗಂಧವಾರಣ ಬಸದಿಯ ಶಾಂತಿನಾಥನ ಎದುರು ಮಗಳನ್ನು ನೆನೆಯಬಹುದು. ಅದೇ ಬೆಟ್ಟದ ಬಂಡೆಗಳ ಮೇಲೆ 'ಮುಡಿಪಿದರ್' ಎಂಬ ಅಕ್ಷರಗಳನ್ನು ಬೆರಳಿಟ್ಟು ಓದುವಾಗ ತಾಯಿಯನ್ನೂ ನೆನೆಯಲಿ.